ಫಿಲಿಪ್ಪನ ನಾಣ್ಯಗಳು, ಫಿಲಿಪ್ಪನ ಮನೆತನ

ಗ್ರೀಕ್ ಅಕ್ಷರಗಳಲ್ಲಿ ಫಿಲಿಪ್ಪನ ಹೆಸರು ಹೊತ್ತ ಮ್ಯಾಸಿಡೋನಿಯದ ಬೆಳ್ಳಿ ನಾಣ್ಯವೊಂದನ್ನು ಗುರುತಿಸಿಕೊಡಿ ಎಂದು ಯಾರಾದರೂ ಕೇಳಿದಾಗ, ನಾಣ್ಯಗಳ ಅಧ್ಯಯನವನ್ನೇ ವೃತ್ತಿಯಾಗಿಸಿಕೊಂಡ ನಾನು ಮೊದಲು ಅದರ ಚಿತ್ರವನ್ನೂ ತೂಕವನ್ನೂ ನೋಡುತ್ತೇನೆ. ಹೆಸರೊಂದರಿಂದಲೇ ಏನನ್ನೂ ತೀರ್ಮಾನಿಸಲಾಗದು. ಮುಂಬದಿಯಲ್ಲಿ ಗಡ್ಡಧಾರಿ ಜ್ಯೂಸ್ ದೇವರ ತಲೆ, ಹಿಂಬದಿಯಲ್ಲಿ ಕುದುರೆ ಸವಾರ, ತೂಕ ಸುಮಾರು 14.4 ಗ್ರಾಂ ಇದ್ದರೆ ಅದು ಅಲೆಕ್ಸಾಂಡರನ ತಂದೆಯಾದ ಎರಡನೆಯ ಫಿಲಿಪ್ಪನ ಮಾದರಿ. ಸಿಂಹದ ಚರ್ಮವನ್ನು ತಲೆಗೆ ಹೊದ್ದ ಹೆರಾಕ್ಲಿಸ್ ಮುಂಬದಿಯಲ್ಲಿದ್ದು, ಹಿಂಬದಿಯಲ್ಲಿ ಜ್ಯೂಸ್ ಪೀಠದ ಮೇಲೆ ಕುಳಿತಿದ್ದು, ತೂಕ 17 ಗ್ರಾಂ ದಾಟಿದರೆ, ಅದರ ಮೇಲಿರುವ ಹೆಸರು ಅವನ ಇನ್ನೊಬ್ಬ ಮಗ ಅರ್ಹಿಡಿಯಸನದು. ಪಟ್ಟಕ್ಕೆ ಬಂದಾಗ ಅವನು ತಂದೆಯ ಹೆಸರನ್ನೇ ತಳೆದು ಮೂರನೆಯ ಫಿಲಿಪ್ ಎನಿಸಿಕೊಂಡ. ತೊಡಕು ಅಲ್ಲಿಗೂ ಮುಗಿಯುವುದಿಲ್ಲ. ಮೊದಲನೆಯ ಮಾದರಿಯನ್ನು ತಂದೆ ಸತ್ತ ಮೇಲೂ ಹಲವು ವರ್ಷ ಟಂಕಿಸಿದ್ದರಿಂದ, ಅದು ಅವನ ಜೀವಿತಕಾಲದ್ದೇ ಎಂದು ಹೇಳಬೇಕಾದರೆ ಸವಾರನ ಸುತ್ತ ಒತ್ತಿರುವ ಪುಟ್ಟ ಟಂಕಸಾಲೆ ಗುರುತುಗಳನ್ನು ಒಂದೊಂದಾಗಿ ಪರಿಶೀಲಿಸಬೇಕಾಗುತ್ತದೆ.

ಈ ತೊಡಕಿನ ಹಿಂದೆ ಒಂದು ಮನೆತನದ ಕಥೆಯೇ ಇದೆ. ಅಲೆಕ್ಸಾಂಡರನ ತಂದೆ ಎಂಬ ಒಂದೇ ಮಾತಿನ ಪರಿಚಯಕ್ಕೆ ಸೀಮಿತನಾಗಿಬಿಡುವ ಈ ದೊರೆ, ರಾಜ್ಯವನ್ನು ಎಷ್ಟು ಗಟ್ಟಿಯಾಗಿ ಕಟ್ಟಿದನೋ ತನ್ನ ಮನೆಯನ್ನು ಅಷ್ಟೇ ಶಿಥಿಲವಾಗಿ ಬಿಟ್ಟುಹೋದ. ಎರಡಕ್ಕೂ ಕಾರಣ ಒಂದೇ ರಾಜನೀತಿ ಎಂಬುದು ನನ್ನ ಅಭಿಪ್ರಾಯ.

ಮೂರನೆಯ ಅಮಿಂಟಸ್ ಮತ್ತು ಯೂರಿಡೈಸಿಯ ಮೂವರು ಗಂಡುಮಕ್ಕಳಲ್ಲಿ ಫಿಲಿಪ್ ಕಿರಿಯವನು, ಹುಟ್ಟಿದ್ದು ಕ್ರಿ.ಪೂ. 382ರ ಸುಮಾರಿಗೆ. ಹಿರಿಯಣ್ಣ ಕೊಲೆಯಾದ. ಫಿಲಿಪ್ ಹದಿಹರೆಯದಲ್ಲಿ ಕೆಲವು ವರ್ಷ ಒತ್ತೆಯಾಳಾಗಿ ಥೀಬ್ಸ್ ನಗರದಲ್ಲಿದ್ದ. ಗ್ರೀಸಿನ ಅತ್ಯಂತ ಬಲಿಷ್ಠ ಕಾಲಾಳು ಪಡೆ ಆಗ ಆ ನಗರದ್ದಾಗಿತ್ತು. ಕ್ರಿ.ಪೂ. 359ರ ಸುಮಾರಿಗೆ ನಡುವಣ ಅಣ್ಣ ಪರ್ಡಿಕಸ್ ಇಲಿರಿಯನ್ನರೊಂದಿಗಿನ ಯುದ್ಧದಲ್ಲಿ 4,000 ಸೈನಿಕರೊಡನೆ ಮಡಿದಾಗ, ನಾಲ್ಕೂ ದಿಕ್ಕಿನಿಂದ ಶತ್ರುಗಳು ಮುತ್ತುತ್ತಿದ್ದ ನಾಡು ಇಪ್ಪತ್ತಮೂರರ ಆಸುಪಾಸಿನ ಈ ತರುಣನ ಕೈಗೆ ಬಂತು. ಕೆಲವರಿಗೆ ಹಣ ಕೊಟ್ಟು, ಕೆಲವರೊಂದಿಗೆ ಒಪ್ಪಂದ ಮಾಡಿಕೊಂಡು ಅವನು ಕಾಲಾವಕಾಶ ಗಳಿಸಿಕೊಂಡ. ಆ ಬಿಡುವಿನಲ್ಲಿ ಸುಮಾರು ಐದು ಮೀಟರ್ ಉದ್ದದ ‘ಸರಿಸ್ಸಾ’ ಭರ್ಜಿ ಹಿಡಿದ ಕಾಲಾಳುಗಳ ಹೊಸ ವ್ಯೂಹವನ್ನು ತಿದ್ದಿ ತೀಡಿ, ಮರುವರ್ಷವೇ ಇಲಿರಿಯನ್ನರನ್ನು ಸೋಲಿಸಿದ.

ಸೈನ್ಯಕ್ಕೆ ಸಂಬಳ ಬೇಕು, ಸಂಬಳಕ್ಕೆ ಲೋಹ ಬೇಕು. ಕ್ರಿ.ಪೂ. 357ರಲ್ಲಿ ಅವನು ಸ್ಟ್ರೈಮನ್ ನದಿಯ ದಡದ ಆಂಫಿಪೊಲಿಸ್ ನಗರವನ್ನು ಹಿಡಿದುದನ್ನೂ, ಮರುವರ್ಷ ಅದರಾಚೆಯ ಕ್ರೆನಿಡಿಸ್ ಎಂಬ ಗಣಿಯೂರನ್ನು ವಶಕ್ಕೆ ತೆಗೆದುಕೊಂಡು ಅದಕ್ಕೆ ಫಿಲಿಪ್ಪಿ ಎಂದು ತನ್ನ ಹೆಸರನ್ನೇ ಇಟ್ಟುದನ್ನೂ ಈ ದೃಷ್ಟಿಯಿಂದ ನೋಡಬೇಕು. ಅಲ್ಲಿನ ಗಣಿಗಳನ್ನು ಅಭಿವೃದ್ಧಿಪಡಿಸಿ ಅವನು ವರ್ಷಕ್ಕೆ 1,000 ಟ್ಯಾಲೆಂಟಿಗೂ ಹೆಚ್ಚಿನ ಆದಾಯ ಪಡೆದನೆಂದು ಇತಿಹಾಸಕಾರ ಡಯೊಡೋರಸ್ ಬರೆದಿದ್ದಾನೆ. ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೋ ಬೆಳ್ಳಿಯ ಮೌಲ್ಯ ಎಂದು ಲೆಕ್ಕ ಹಾಕಿದರೆ ಆ ಮೊತ್ತದ ಅಗಾಧತೆ ತಿಳಿಯುತ್ತದೆ. ಗ್ರೀಕ್ ನಗರಗಳು ಸಾಮಾನ್ಯವಾಗಿ ಆಪತ್ಕಾಲದಲ್ಲಷ್ಟೇ ಚಿನ್ನವನ್ನು ಟಂಕಿಸುತ್ತಿದ್ದ ಕಾಲದಲ್ಲಿ, ಫಿಲಿಪ್ ಸುಮಾರು 8.6 ಗ್ರಾಂ ತೂಕದ ‘ಸ್ಟೇಟರ್’ ಎಂಬ ಚಿನ್ನದ ನಾಣ್ಯಗಳನ್ನು ಹೇರಳವಾಗಿ ಹೊರಡಿಸಿದ. ಅಲ್ಲಿಯವರೆಗೆ ಆ ಪ್ರದೇಶದಲ್ಲಿ ಚಿನ್ನದ ನಾಣ್ಯವೆಂದರೆ ಬಿಲ್ಲು ಹಿಡಿದ ಪರ್ಷಿಯದ ದೊರೆಯ ಚಿತ್ರವಿರುವ ಡಾರಿಕ್ ಎಂದೇ ಜನ ತಿಳಿದಿದ್ದರು.

ಚಿತ್ರಗಳ ಆಯ್ಕೆಯಲ್ಲಿ ಅವನು ತೋರಿದ ಎಚ್ಚರ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಚಿನ್ನದ ಮುಂಬದಿಯಲ್ಲಿ ಅಪೊಲೊ, ಹಿಂಬದಿಯಲ್ಲಿ ಎರಡು ಕುದುರೆಗಳ ಪಂದ್ಯದ ರಥ; ಬೆಳ್ಳಿಯಲ್ಲಿ ಒಲಿಂಪಿಯದ ಅಧಿದೇವತೆಯಾದ ಜ್ಯೂಸ್, ಹಿಂಬದಿಯ ಒಂದು ಬಗೆಯಲ್ಲಿ ಅಗಲ ಅಂಚಿನ ಮ್ಯಾಸಿಡೋನಿಯದ ಟೋಪಿ ಧರಿಸಿ ಕೈಯೆತ್ತಿದ ಸವಾರ, ಇನ್ನೊಂದು ಬಗೆಯಲ್ಲಿ ವಿಜಯದ ತಾಳೆಗರಿ ಹಿಡಿದು ಪಂದ್ಯದ ಕುದುರೆಯನ್ನೇರಿದ ಹುಡುಗ. ಕ್ರಿ.ಪೂ. 356ರಲ್ಲಿ ಫಿಲಿಪ್ಪನ ಕುದುರೆ ಒಲಿಂಪಿಕ್ ಪಂದ್ಯವನ್ನು ಗೆದ್ದಿತ್ತು. ಪೊಟಿಡಿಯ ನಗರ ಕೈಸೇರಿದಾಗ, ಸೇನಾನಿ ಪಾರ್ಮೆನಿಯನ್ ಇಲಿರಿಯನ್ನರನ್ನು ಗೆದ್ದ ವಾರ್ತೆ, ಒಲಿಂಪಿಕ್ ಗೆಲುವಿನ ವಾರ್ತೆ ಮತ್ತು ಮಗ ಅಲೆಕ್ಸಾಂಡರ್ ಹುಟ್ಟಿದ ವಾರ್ತೆ ಒಟ್ಟಿಗೇ ಬಂದವೆಂದು ಪ್ಲುಟಾರ್ಕ್ ಹೇಳುತ್ತಾನೆ. ಆ ಕ್ರೀಡಾಕೂಟದಲ್ಲಿ ಗ್ರೀಕರಿಗೆ ಮಾತ್ರ ಪ್ರವೇಶವಿತ್ತು. ಅವನ ಪೂರ್ವಜ ಒಂದನೆಯ ಅಲೆಕ್ಸಾಂಡರ್ ಒಲಿಂಪಿಯಕ್ಕೆ ಹೋದಾಗ ಇತರ ಸ್ಪರ್ಧಿಗಳು ಆಕ್ಷೇಪಿಸಿದರೆಂದೂ, ಅವನು ತನ್ನ ವಂಶದ ಮೂಲ ಆರ್ಗಾಸ್ ಎಂದು ಸಾಧಿಸಬೇಕಾಯಿತೆಂದೂ ಹೆರೊಡೋಟಸ್ ದಾಖಲಿಸಿದ್ದಾನೆ. ಅಥೆನ್ಸಿನ ವಾಗ್ಮಿ ಡೆಮೊಸ್ತನೀಸ್ ಫಿಲಿಪ್ಪನನ್ನು ಗ್ರೀಕನೇ ಅಲ್ಲವೆಂದು ಜರೆಯುತ್ತಿದ್ದ ದಿನಗಳಲ್ಲಿ, ಒಲಿಂಪಿಕ್ ವಿಜೇತನ ನಾಣ್ಯ ಸೈನಿಕರ, ವ್ಯಾಪಾರಿಗಳ ಕೈಯಿಂದ ಕೈಗೆ ದಾಟುತ್ತ ಆ ಜರೆತಕ್ಕೆ ಉತ್ತರ ಹೇಳುತ್ತಿತ್ತು.

ಅದೇ ಡೆಮೊಸ್ತನೀಸ್, ವೈರಿಯಾದರೂ, ಅಧಿಕಾರಕ್ಕಾಗಿ ಫಿಲಿಪ್ ಒಂದು ಕಣ್ಣನ್ನು ಕಳೆದುಕೊಂಡ, ಕೊರಳೆಲುಬು ಮುರಿಸಿಕೊಂಡ, ಕೈಕಾಲು ಊನ ಮಾಡಿಕೊಂಡ ಎಂದು ಸಭೆಯಲ್ಲಿ ಒಪ್ಪಿಕೊಂಡದ್ದುಂಟು. ಬಲಗಣ್ಣು ಹೋದದ್ದು ಕ್ರಿ.ಪೂ. 354ರಲ್ಲಿ, ಮೆಥೋನಿಯ ಮುತ್ತಿಗೆಯಲ್ಲಿ. ಗಳಿಸಿದ ಹಣವನ್ನೂ ಅವನು ಇಷ್ಟೇ ಧಾರಾಳವಾಗಿ ವ್ಯಯಿಸಿದ. ಕ್ರಿ.ಪೂ. 324ರಲ್ಲಿ ಓಪಿಸ್ ಎಂಬಲ್ಲಿ ದಂಗೆಯೆದ್ದ ಸೈನಿಕರಿಗೆ ಅಲೆಕ್ಸಾಂಡರ್ ಮಾಡಿದನೆಂದು ಆರಿಯನ್ ಕೊಡುವ ಭಾಷಣದಲ್ಲಿ, ತೊಗಲುಡುಗೆ ತೊಟ್ಟು ಬೆಟ್ಟಗಳಲ್ಲಿ ಕುರಿ ಕಾಯುತ್ತಿದ್ದ ನಿಮ್ಮನ್ನು ನನ್ನ ತಂದೆ ಬಯಲಿಗೆ ಇಳಿಸಿ ನಗರವಾಸಿಗಳನ್ನಾಗಿ ಮಾಡಿದನೆಂಬ ಮಾತಿದೆ. ತನಗೆ ಬಂದ ಬೊಕ್ಕಸದಲ್ಲಿ 60 ಟ್ಯಾಲೆಂಟ್ ಕೂಡ ಇರಲಿಲ್ಲ, ತಂದೆಯ ಸಾಲ 500 ಟ್ಯಾಲೆಂಟ್ ಇತ್ತು ಎಂಬ ಮಾತೂ ಇದೆ. ಆ ಹಣವೆಲ್ಲ ಸೈನ್ಯವಾಗಿ, ರಸ್ತೆಯಾಗಿ, ನಗರಗಳಾಗಿ, ಕ್ರಿ.ಪೂ. 338ರಲ್ಲಿ ಅಥೆನ್ಸ್ ಮತ್ತು ಥೀಬ್ಸ್ ವಿರುದ್ಧ ಕೈರೊನಿಯದಲ್ಲಿ ದೊರೆತ ಗೆಲುವಾಗಿ, ಮರುವರ್ಷ ಕೊರಿಂತಿನಲ್ಲಿ ರೂಪುಗೊಂಡ ಗ್ರೀಕ್ ನಗರಗಳ ಒಕ್ಕೂಟವಾಗಿ ಮಾರ್ಪಟ್ಟಿತ್ತು. ಪರ್ಷಿಯದ ಮೇಲಿನ ದಂಡಯಾತ್ರೆಯೂ ಅವನದೇ ಯೋಜನೆ, ಕ್ರಿ.ಪೂ. 336ರಲ್ಲಿ ಅವನ ಮುಂಗಾವಲು ಪಡೆ ಆಗಲೇ ಏಷ್ಯಾದ ನೆಲದಲ್ಲಿತ್ತು.

ಇನ್ನು ಮನೆಯ ಮಾತು. ಫಿಲಿಪ್ ಪ್ರತಿ ಯುದ್ಧದ ಜೊತೆಗೆ ಒಂದು ಮದುವೆ ಮಾಡಿಕೊಂಡನೆಂಬ ಪ್ರಾಚೀನ ಹೇಳಿಕೆಯೊಂದಿದೆ. ಇಲಿರಿಯದ ಔಡಾಟ, ಎಲಿಮಿಯದ ಫಿಲಾ, ಥೆಸಲಿಯ ಎರಡು ನಗರಗಳಿಂದ ಫಿಲಿನ್ನಾ ಮತ್ತು ನಿಕೆಸಿಪೊಲಿಸ್, ಎಪಿರಸ್ಸಿನ ಒಲಿಂಪಿಯಾಸ್, ಥ್ರೇಸಿನ ಮೇಡಾ, ಕೊನೆಗೆ ಮ್ಯಾಸಿಡೋನಿಯದವಳೇ ಆದ ಕ್ಲಿಯೋಪಾತ್ರ: ಹೀಗೆ ಏಳು ಮಂದಿ. ಮೊದಲ ಆರು ಮದುವೆಗಳು ಗಡಿಗಳನ್ನು ಭದ್ರಪಡಿಸಿದವು. ಆದರೆ ಯಾರ ಮಗ ಉತ್ತರಾಧಿಕಾರಿ ಎಂಬುದಕ್ಕೆ ಸ್ಪಷ್ಟ ನಿಯಮವಿಲ್ಲದ ಆ ಅರಮನೆಯಲ್ಲಿ ಪ್ರತಿ ರಾಣಿಯೂ ಒಂದೊಂದು ಪಕ್ಷವೇ ಆಗಿದ್ದಳು. ಏಳನೆಯ ಮದುವೆಯ ಔತಣದಲ್ಲಿ ವಧುವಿನ ಹತ್ತಿರದ ಬಂಧು ಅಟ್ಟಲಸ್, ಇನ್ನಾದರೂ ರಾಜ್ಯಕ್ಕೆ ಸಕ್ರಮ ವಾರಸುದಾರ ಹುಟ್ಟಲಿ ಎಂದು ಹಾರೈಸಿದಾಗ ಅಲೆಕ್ಸಾಂಡರ್ ಪಾನಪಾತ್ರೆಯನ್ನು ಅವನತ್ತ ಎಸೆದ. ಜಗಳ ಬೆಳೆದು ತಾಯಿ ಮಗ ಇಬ್ಬರೂ ನಾಡು ತೊರೆದರು. ಅಲೆಕ್ಸಾಂಡರ್ ಮರಳಿ ಬಂದನಾದರೂ ಬಿರುಕು ಮುಚ್ಚಲಿಲ್ಲ. ಕ್ರಿ.ಪೂ. 336ರಲ್ಲಿ ಐಗೈ ನಗರದಲ್ಲಿ, ಒಲಿಂಪಿಯಾಸಳ ಮಗಳು ಕ್ಲಿಯೋಪಾತ್ರಳನ್ನು ಅವಳ ಸೋದರಮಾವನಾದ ಎಪಿರಸ್ಸಿನ ದೊರೆಗೆ ಕೊಟ್ಟು ಮದುವೆ ಮಾಡುವ ಸಂಭ್ರಮದ ನಡುವೆ, ರಂಗಮಂದಿರವನ್ನು ಪ್ರವೇಶಿಸುತ್ತಿದ್ದ ಫಿಲಿಪ್ಪನನ್ನು ಅವನ ಅಂಗರಕ್ಷಕ ಪೌಸಾನಿಯಸ್ ಇರಿದು ಕೊಂದ.

ಆಮೇಲೆ ನಡೆದದ್ದು ವಂಶನಾಶ. ಕಿರಿಯ ರಾಣಿಯೂ ಅವಳ ಹಸುಳೆಯೂ ಕೊಲ್ಲಲ್ಪಟ್ಟರು. ಅಲೆಕ್ಸಾಂಡರ್ ಬ್ಯಾಬಿಲೋನಿನಲ್ಲಿ ಸತ್ತ ಮೇಲೆ ಸೈನ್ಯ ಪಟ್ಟಕ್ಕೆ ತಂದ ಅರ್ಹಿಡಿಯಸ್ ಮಾನಸಿಕ ದೌರ್ಬಲ್ಯವಿದ್ದವನೆಂದು ಪ್ರಾಚೀನ ಲೇಖಕರು ಹೇಳುತ್ತಾರೆ, ಅವನನ್ನು ಕ್ರಿ.ಪೂ. 317ರಲ್ಲಿ ಮಲತಾಯಿ ಒಲಿಂಪಿಯಾಸಳೇ ಕೊಲ್ಲಿಸಿದಳು. ಮರುವರ್ಷ ಅವಳನ್ನು, ಮ್ಯಾಸಿಡೋನಿಯದ ಅಧಿಕಾರ ಹಿಡಿದ ಕಸಾಂಡರ್ ಕೊಲ್ಲಿಸಿದ. ಫಿಲಿಪ್ಪನ ಹೆಣ್ಣುಮಕ್ಕಳು ಕಿನಾನೆ, ಕ್ಲಿಯೋಪಾತ್ರ, ಥೆಸಲೊನಿಕೆ ಮೂವರೂ ಕೊಲೆಗೀಡಾದರು. ಥೆಸಲೊನಿಕೆಯನ್ನು ಕೊಂದವನು ಅವಳ ಹೊಟ್ಟೆಯಲ್ಲೇ ಹುಟ್ಟಿದ ಮಗ. ಕಸಾಂಡರನ ಪತ್ನಿಯಾಗಿದ್ದ ಅವಳ ಹೆಸರಿನಲ್ಲಿ ಅವನು ಕಟ್ಟಿಸಿದ ಥೆಸಲೊನಿಕಿ ಇಂದು ಗ್ರೀಸಿನ ಎರಡನೆಯ ದೊಡ್ಡ ನಗರ. ಮುಂದಿನ ಶತಮಾನದಲ್ಲಿ ಅಶೋಕ ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಹೆಸರಿಸುವ ಯವನ ದೊರೆಗಳಲ್ಲಿ ಆಗ ಮ್ಯಾಸಿಡೋನಿಯವನ್ನು ಆಳುತ್ತಿದ್ದವನು ಆಂಟಿಗೊನಸ್. ಫಿಲಿಪ್ಪನ ಪೀಠ ಆ ಹೊತ್ತಿಗೆ ಅಲೆಕ್ಸಾಂಡರನ ಸೇನಾನಿಗಳಲ್ಲಿ ಒಬ್ಬನ ಸಂತತಿಯ ಪಾಲಾಗಿತ್ತು.

ತಂದೆ ಮಗನನ್ನು ಬಿಡಿಸಿ ನೋಡುವ ಕಷ್ಟ ನಾಣ್ಯಗಳಿಗಷ್ಟೇ ಸೀಮಿತವಲ್ಲ. 1977ರಲ್ಲಿ ಪುರಾತತ್ತ್ವಜ್ಞ ಮನೋಲಿಸ್ ಆಂಡ್ರೊನಿಕೋಸ್ ಇಂದಿನ ವರ್ಗಿನಾದ ದಿಬ್ಬದಡಿ ಲೂಟಿಯಾಗದ ರಾಜಸಮಾಧಿಯನ್ನು ಅಗೆದು, ಹದಿನಾರು ಕಿರಣಗಳ ನಕ್ಷತ್ರವಿದ್ದ ಚಿನ್ನದ ಪೆಟ್ಟಿಗೆಯಲ್ಲಿ ಸುಟ್ಟ ಎಲುಬುಗಳನ್ನು ಕಂಡಾಗ ಅದು ಎರಡನೆಯ ಫಿಲಿಪ್ಪನದೆಂದು ನಿರ್ಧರಿಸಿದರು. ಅದು ಅರ್ಹಿಡಿಯಸನದೆಂದು ಬೇರೆ ವಿದ್ವಾಂಸರು ವಾದಿಸಿದ್ದಾರೆ. ಪಕ್ಕದ ಸಮಾಧಿಯಲ್ಲಿ ಮೊಣಕಾಲು ಬೆಸೆದುಹೋದ ಎಲುಬು ದೊರೆತಿರುವುದರಿಂದ ಕುಂಟನಾಗಿದ್ದ ಫಿಲಿಪ್ ಅಲ್ಲಿಯೇ ಇದ್ದಾನೆಂಬ ವಾದ 2015ರಲ್ಲಿ ಪ್ರಕಟವಾಯಿತು. ಚರ್ಚೆ ಇಂದಿಗೂ ಮುಂದುವರಿದಿದೆ.

ನಾಣ್ಯಗಳ ಆಯುಷ್ಯ ಮಾತ್ರ ಮನೆತನದ ಆಯುಷ್ಯವನ್ನು ಮೀರಿತು. ಫಿಲಿಪ್ಪನ ಬಳಿಕ ಟಂಕಿಸಿದ ಅವನ ಮಾದರಿಯ ಚಿನ್ನ ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಕ್ರಿ.ಪೂ. 194ರಲ್ಲಿ ರೋಮಿನ ಫ್ಲಾಮಿನೈನಸ್ ಅದೇ ಮ್ಯಾಸಿಡೋನಿಯದ ಐದನೆಯ ಫಿಲಿಪ್ಪನನ್ನು ಗೆದ್ದು ವಿಜಯಯಾತ್ರೆ ನಡೆಸಿದಾಗ ಮೆರವಣಿಗೆಯಲ್ಲಿ 14,514 ‘ಫಿಲಿಪ್ಪಿ’ ಚಿನ್ನದ ನಾಣ್ಯಗಳಿದ್ದವೆಂದು ಲಿವಿ ಲೆಕ್ಕ ಕೊಡುತ್ತಾನೆ. ಡ್ಯಾನ್ಯೂಬ್ ಕಣಿವೆಯ ಕೆಲ್ಟ್ ಜನಾಂಗಗಳು ಜ್ಯೂಸ್ ಮತ್ತು ಸವಾರನಿದ್ದ ಬೆಳ್ಳಿಯನ್ನು ಅನುಕರಿಸಿದರೆ, ಗಾಲ್ ಪ್ರದೇಶದವರು ಅಪೊಲೊ ಮತ್ತು ರಥವಿದ್ದ ಚಿನ್ನವನ್ನು ಅನುಕರಿಸಿದರು. ತಲೆಮಾರುಗಳು ಕಳೆದಂತೆ ಅಚ್ಚು ಕೆತ್ತುವವರು ಮೂಲವನ್ನು ಕಾಣದೆ ಹಿಂದಿನ ನಕಲಿನಿಂದಲೇ ಕೆತ್ತಿದ್ದರಿಂದ, ಅಪೊಲೊನ ಮುಖ ಕರಗಿ ಗುಂಗುರು ಕೂದಲ ಸುರುಳಿಗಳ ವಿನ್ಯಾಸ ಉಳಿಯಿತು, ರಥದ ಜೋಡಿ ಕುದುರೆ ಒಂಟಿಯಾಯಿತು, ಅಕ್ಷರಗಳು ಅರ್ಥವಿಲ್ಲದ ಗೆರೆಗಳಾದವು. ಈ ಗಾಲ್ ನಾಣ್ಯಗಳೇ ಕಡಲು ದಾಟಿ ಬ್ರಿಟನ್ನಿಗೆ ಹೋಗಿ, ಅಲ್ಲಿ ಸ್ಥಳೀಯವಾಗಿ ಟಂಕಿಸಿದ ಚಿನ್ನದ ನಾಣ್ಯಗಳಿಗೂ ಮಾದರಿಯಾದವು.