ಮೂರು ಹೊಡೆತದ ಗ್ರೂಪ್ ನಂಬಬೇಡಿ

ಹೊಸ ಲಾಟ್‌ನ, ಅಂದರೆ ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ಕಂತಿನ, ಗುಂಡು ಕೈಗೆ ಬಂದ ದಿನವೇ ರೈಫಲ್ ಶೂಟಿಂಗ್ ಕಲಿಯುವ ಶಿಷ್ಯರು ಮೂರು ಹೊಡೆತ ಹೊಡೆದು ಟಾರ್ಗೆಟ್‌ನ ಫೋಟೊ ಕಳಿಸುತ್ತಾರೆ. ಮೂರೂ ಒಂದೇ ತೂತಿನಲ್ಲಿ ಹೋದಂತಿರುತ್ತವೆ. ‘ಸರ್, ಇದನ್ನೇ ತಗೊಳ್ಳಲಾ?’ ಇನ್ನೂ ಏಳು ಹೊಡೆದು ಕಳಿಸು ಎನ್ನುತ್ತೇನೆ. ಆಮೇಲೆ ಬರುವ ಫೋಟೊ ಅಷ್ಟು ಚೆಂದ ಇರುವುದಿಲ್ಲ.

ಹೊಡೆತ ಹೆಚ್ಚಿದಂತೆ ಗ್ರೂಪ್, ಅಂದರೆ ಟಾರ್ಗೆಟ್ ಮೇಲೆ ತೂತುಗಳು ಹರಡಿದ ಅಗಲ, ಹಿಗ್ಗೀತೇ ಹೊರತು ಕುಗ್ಗದು. ಅದೇ ರೈಫಲ್, ಅದೇ ಗುಂಡು, ಅದೇ ಕೈ ಇದ್ದರೂ ಮೂರು ಹೊಡೆತದ ಗ್ರೂಪ್ ಸರಾಸರಿ 10 ಮಿ.ಮೀ. ಬಂದರೆ ಹತ್ತು ಹೊಡೆತದ್ದು ಸುಮಾರು 16 ಮಿ.ಮೀ. ಬರುತ್ತದೆ. ಗುಂಡು ಕೆಟ್ಟದ್ದಾಯಿತು ಅಂತಲ್ಲ, ಮೊದಲ ಮೂರು ಪೂರ್ತಿ ವಿಷಯ ಹೇಳಿರಲಿಲ್ಲ, ಅಷ್ಟೆ. ಎರಡು ಲಾಟ್ ಹೋಲಿಸುವಾಗ ಒಂದೊಂದರಲ್ಲೂ ಹತ್ತು ಹೊಡೆತದ ಎರಡು ಗ್ರೂಪ್ ಆದರೂ ಬೇಕು.

ವಿಡಿಯೊ ನೋಡಿ ‘ನಾವೇ ತೋಟೆ ತುಂಬಿಕೊಂಡರೆ?’ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ದೂರದ ಗುರಿಗೆ ಹೊಡೆಯುವವರು ಅಳೆದು ಮದ್ದು ತುಂಬಿ, ವೇಗ ನೋಡಿ, ತಿದ್ದುತ್ತಾ ಹೋಗುತ್ತಾರೆ ನಿಜ. ಇಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಆಯುಧ ಕಾಯ್ದೆಯಡಿ ಅಪರಾಧ. ಅದೂ ಅಲ್ಲದೆ ನಾವು ಹೊಡೆಯುವ .22 ರಿಮ್‌ಫೈರ್‌ನಲ್ಲಿ ಸಿಡಿಮದ್ದು ತೋಟೆಯ ಅಂಚಿನೊಳಗೇ ಇರುವುದರಿಂದ ಒಮ್ಮೆ ಹೊಡೆದದ್ದು ಮತ್ತೆ ತುಂಬಲು ಬಾರದು. ನಮ್ಮ ಕೈಯಲ್ಲಿರುವುದು ಒಳ್ಳೆಯ ಲಾಟ್ ಆರಿಸುವುದೊಂದೇ. ಪರೀಕ್ಷೆಯ ರೀತಿ ಮಾತ್ರ ತುಂಬುವವರಿಗೂ ಆರಿಸುವವರಿಗೂ ಒಂದೇ.

ಇನ್ನು ಕ್ರೊನೋಗ್ರಾಫ್. ಎರಡು ಸೆನ್ಸರ್‌ಗಳ ನಡುವಿನ ದೂರವನ್ನು ಗುಂಡು ಎಷ್ಟು ಹೊತ್ತಿನಲ್ಲಿ ದಾಟಿತು ಎಂದು ಅಳೆದು ವೇಗ ಹೇಳುವ ಯಂತ್ರ. ಬೆಳಕಿನ ಮೇಲೆ ನಡೆಯುವಂಥದ್ದಾದರೆ ಹಳೆಯ ಟ್ಯೂಬ್‌ಲೈಟ್ ಕೆಳಗೆ ಇಡಬೇಡಿ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅದು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಯಂತ್ರ ಬಾಯಿಗೆ ಬಂದ ಅಂಕಿ ಹೇಳುತ್ತದೆ. ಮೋಡ ಕವಿದ ಹಗಲಿನ ಬೆಳಕು ಇದಕ್ಕೆ ಹೇಳಿ ಮಾಡಿಸಿದ್ದು. ಶಿರಸಿಯಲ್ಲಿ ಮೋಡಕ್ಕೇನೂ ಬರವಿಲ್ಲ, ಮಳೆ ಬಿಡುವು ಕೊಡಬೇಕಲ್ಲ!

ಯಂತ್ರ ತಂದವರೆಲ್ಲ ಮೊದಲು ನೋಡುವುದು ಸರಾಸರಿ ವೇಗವನ್ನು. ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಲಾಟ್ ನಿಧಾನವಾಗಿದ್ದರೆ ರೈಫಲ್ ಮೇಲಿನ ಗುರಿ ನೋಡುವ ಸೈಟ್‌ನಲ್ಲಿ ನಾಲ್ಕು ಕ್ಲಿಕ್ ತಿರುಗಿಸಿದರೆ ಮುಗಿಯಿತು. ನೋಡಬೇಕಾದ್ದು ಒಂದು ಹೊಡೆತಕ್ಕೂ ಇನ್ನೊಂದಕ್ಕೂ ಇರುವ ಅಂತರ. ಸೆಕೆಂಡಿಗೆ 330 ಮೀಟರ್ ವೇಗದ ಗುಂಡೊಂದು, 320ರದ್ದೊಂದು ಎಂದಿಟ್ಟುಕೊಳ್ಳಿ. 50 ಮೀಟರ್‌ನಲ್ಲಿ ಎರಡನೆಯದು ಸುಮಾರು 7 ಮಿ.ಮೀ. ಕೆಳಗೆ ಬೀಳುತ್ತದೆ. ಅಲ್ಲಿ ಹತ್ತು ಅಂಕದ ವೃತ್ತದ ಅಗಲವೇ 10.4 ಮಿ.ಮೀ. ಏರ್ ರೈಫಲ್‌ನಲ್ಲಿ 175 ಮತ್ತು 170ರ ವ್ಯತ್ಯಾಸ 10 ಮೀಟರ್‌ನಲ್ಲಿ ಬರೀ 1 ಮಿ.ಮೀ. ಆದರೂ ದಶಮಾಂಶದ ಲೆಕ್ಕದಲ್ಲಿ 0.4 ಅಂಕ ಹೋಯಿತು.

ಹಾಗಾಗಿ ವೇಗದ ಅಂಕಿ, ಟಾರ್ಗೆಟ್ ಕಾಗದ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಗ್ರೂಪ್ ಮೇಲೆ-ಕೆಳಗೆ ಉದ್ದವಾಗಿದ್ದು ವೇಗವೂ ಎತ್ತೆತ್ತಲೋ ಹೋಗಿದ್ದರೆ ದೋಷ ಹೆಚ್ಚಾಗಿ ಗುಂಡಿನದು. ವೇಗ ಸಮನಾಗಿದ್ದೂ ಗ್ರೂಪ್ ಉದ್ದವಾಗಿದ್ದರೆ ಉಸಿರು ಹಿಡಿಯುವುದನ್ನು ನೋಡಿಕೊಳ್ಳಿ. ಅಡ್ಡಕ್ಕೆ ಹರಡಿದ್ದರೆ ಗಾಳಿ ಇಲ್ಲವೆ ಟ್ರಿಗರ್ ಬೆರಳು. ವೇಗ ಸಮನಾಗಿದ್ದೂ ನಿಮ್ಮ ಬ್ಯಾರಲ್‌ಗೆ ಒಗ್ಗದ ಲಾಟ್‌ಗಳಿವೆ, ಅದನ್ನು ಕಾಗದವೇ ಹೇಳಬೇಕು. ಅನುಕೂಲವಿದ್ದರೆ ರೈಫಲ್ಲನ್ನು ಕ್ಲಾಂಪಿಗೆ ಬಿಗಿದು ಹೊಡೆಯಿರಿ, ಮನುಷ್ಯನ ಪಾಲು ಲೆಕ್ಕದಿಂದ ಹೊರಗುಳಿಯುತ್ತದೆ.

ಕಾರವಾರದ ಕಡೆ ಬಯಲಲ್ಲಿ ಪರೀಕ್ಷಿಸುವವರಿಗೆ ಇನ್ನೊಂದು ತಾಪತ್ರಯ. ಬೇಸಿಗೆಯಲ್ಲಿ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ, ಹೊತ್ತೇರಿದ ಮೇಲೆ ಕಡಲಿನಿಂದ. ಒಂದು ಲಾಟ್ ಬೆಳಿಗ್ಗೆ, ಇನ್ನೊಂದು ಮಧ್ಯಾಹ್ನ ಹೊಡೆದರೆ ಪರೀಕ್ಷೆಯಾದದ್ದು ಗಾಳಿ, ಗುಂಡಲ್ಲ. ಬೆಳಿಗ್ಗೆಯೇ ಐದು ಇದು, ಐದು ಅದು ಎಂದು ಸರದಿ ಹಾಕಿ. ಬ್ರ್ಯಾಂಡ್ ಬೇರೆಯಾದರೆ ಮಾತ್ರ ಈ ಸರದಿ ಬೇಡ. ಗುಂಡಿಗೆ ಸವರಿದ ಮೇಣ ಬ್ಯಾರಲ್‌ಗೆ ಹಿಡಿಯುವವರೆಗಿನ ಹತ್ತಿಪ್ಪತ್ತು ಹೊಡೆತ ಲೆಕ್ಕಕ್ಕೆ ತೆಗೆದುಕೊಳ್ಳದೆ ಆಮೇಲಷ್ಟೇ ಗ್ರೂಪ್ ಹೊಡೆಯಬೇಕಾಗುತ್ತದೆ. ಡಬ್ಬಿಗಳು ನೆರಳಲ್ಲಿರಲಿ, ಬಿಸಿಲಿಗೆ ಕಾದ ಮದ್ದಿನ ವೇಗವೇ ಬೇರೆ.

ಒಳ್ಳೆಯ ಲಾಟ್ ಸಿಕ್ಕರೆ ಅದರ ನಂಬರ್ ಬರೆದಿಟ್ಟು, ಪರವಾನಗಿಯ ಮಿತಿಯೊಳಗೆ ಸಿಕ್ಕಷ್ಟೂ ಅದನ್ನೇ ತರಿಸಿ. ಮಳೆಗಾಲಕ್ಕೆ ಮುಂಚೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿಡಿ. ಏರ್ ರೈಫಲ್‌ನ ಗುಂಡಾದ ಪೆಲೆಟ್ ಮೇಲೆ ಬಿಳಿ ಪುಡಿ ಕಂಡರೆ ಅದು ಸೀಸಕ್ಕೆ ಹಿಡಿದ ಕಿಲುಬು. ಅಂಥವನ್ನು ಅಭ್ಯಾಸಕ್ಕೂ ಬಳಸಬೇಡಿ, ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ.