ಗಣಿತದ ಪೇಪರ್ ಅಚ್ಚಾಗಲು ಯಾಕಿಷ್ಟು ತಡ?

ಗಣಿತದ ಪೇಪರನ್ನು, ಅಂದರೆ ಸಂಶೋಧನಾ ಪ್ರಬಂಧವನ್ನು, ಜರ್ನಲ್‌ಗೆ ಕಳಿಸಲು ಈಗ ಅರ್ಧ ಗಂಟೆ ಸಾಕು. ಉತ್ತರ ಬರಲು ಮಾತ್ರ ಆರು ತಿಂಗಳು, ಒಂದು ವರ್ಷ. ಅದಕ್ಕಿಂತ ಜಾಸ್ತಿಯಾದರೂ ಯಾರಿಗೂ ಆಶ್ಚರ್ಯವಿಲ್ಲ.

ಹಿಂದೆ ಪೇಪರ್ ಕಳೆದೇ ಹೋಗುತ್ತಿತ್ತು. 1826ರಲ್ಲಿ ನಾರ್ವೆಯ ಗಣಿತಜ್ಞ ಆಬೆಲ್ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಗೆ ದೊಡ್ಡದೊಂದು ಪ್ರಬಂಧ ಕೊಟ್ಟ. ಓದಬೇಕಿದ್ದ ಫ್ರೆಂಚ್ ಗಣಿತಜ್ಞ ಕೋಶಿ ಅದನ್ನು ಎಲ್ಲೋ ಇಟ್ಟು ಮರೆತ. ಅದು ಅಚ್ಚಾಗಿದ್ದು 1841ರಲ್ಲಿ. ಅಷ್ಟರಲ್ಲಿ ಆಬೆಲ್ ತೀರಿಕೊಂಡು 12 ವರ್ಷವಾಗಿತ್ತು.

ಫ್ರಾನ್ಸಿನ ತರುಣ ಗಣಿತಜ್ಞ ಗಾಲ್ವಾನ ಕಥೆ ಇನ್ನೂ ಕೆಟ್ಟದ್ದು. 1830ರಲ್ಲಿ ಅವನು ಅದೇ ಅಕಾಡೆಮಿಗೆ ಕೊಟ್ಟ ಪ್ರಬಂಧ ಅದರ ಕಾರ್ಯದರ್ಶಿ ಫೂರಿಯೆಯ ಕೈ ಸೇರಿತು. ಫೂರಿಯೆ ತೀರಿಕೊಂಡ, ಹಾಳೆಗಳು ಸಿಗಲಿಲ್ಲ. ಮರುವರ್ಷ ಮತ್ತೆ ಬರೆದು ಕೊಟ್ಟ. ವಾದ ಸ್ಪಷ್ಟವಾಗಿಲ್ಲ, ಬಿಡಿಸಿ ಹೇಳಿಲ್ಲ ಎಂದು ಅದನ್ನು ಪರಿಶೀಲಿಸಿದ ಗಣಿತಜ್ಞ ಪ್ವಾಸೋನ್ ತಿರಸ್ಕರಿಸಿದ. ಇದಕ್ಕಾಗಿ ಪ್ವಾಸೋನನನ್ನು ಬೈಯುವವರು ಬಹಳ. ನನಗೇನೋ ಅದು ಇವತ್ತಿನ ಯಾವ ರೆಫರಿಯಾದರೂ (ಜರ್ನಲ್‌ಗಾಗಿ ಪೇಪರ್ ಓದಿ ಪರೀಕ್ಷಿಸುವವರು) ಬರೆಯುವ ಮಾತು ಅನ್ನಿಸುತ್ತದೆ. 1832ರಲ್ಲಿ, ಪ್ರಾಣ ತೆಗೆದ ದ್ವಂದ್ವಯುದ್ಧದ ಹಿಂದಿನ ರಾತ್ರಿ, 20 ವರ್ಷದ ಗಾಲ್ವಾ ಅದೇ ಹಸ್ತಪ್ರತಿ ತಿದ್ದುತ್ತಾ ಕುಳಿತಿದ್ದ. ಈ ಸಾಧನೆಯಲ್ಲಿ (ಪ್ರೂಫ್‌ನಲ್ಲಿ) ಇನ್ನೂ ಏನೋ ಸೇರಿಸಬೇಕು, ನನಗೆ ಸಮಯವಿಲ್ಲ ಎಂದು ಅಂಚಿನಲ್ಲಿ ಗೀಚಿದ್ದಾನೆ. ಆ ಹಸ್ತಪ್ರತಿಯನ್ನು ಗಣಿತಜ್ಞ ಲಿಯೂವಿಲ್ ತನ್ನ ಜರ್ನಲ್‌ನಲ್ಲಿ ಅಚ್ಚು ಹಾಕಿದ್ದು 1846ರಲ್ಲಿ.

ಪೇಪರ್ ಕಳೆಯುವುದು ನಿಂತ ಮೇಲೂ ಅಚ್ಚಿನ ಗೋಳು ಉಳಿಯಿತು. ಟೈಪಿಸ್ಟ್ ಮಾತುಗಳನ್ನು ಹೊಡೆದು ಜಾಗ ಬಿಡಬೇಕಿತ್ತು. ಗ್ರೀಕ್ ಅಕ್ಷರ, ಇಂಟಿಗ್ರಲ್ ಗುರುತುಗಳನ್ನು ಪೆನ್ನಿನಲ್ಲಿ ತುಂಬಬೇಕಿತ್ತು. 1977ರಲ್ಲಿ ತಮ್ಮ ಪುಸ್ತಕದ ಕರಡಚ್ಚು ನೋಡಿ ಬೇಸರಪಟ್ಟ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನುತ್, ಅಚ್ಚಿಗೆ ಪುಟ ಜೋಡಿಸುವ ಟೆಕ್ ಎಂಬ ತಂತ್ರಾಂಶವನ್ನೇ ಬರೆಯಲು ಕೂತರು. ಅದರಲ್ಲಿ ಸೂತ್ರದ ಎರಡೂ ಬದಿಗೆ ಡಾಲರ್ ಗುರುತು ಹಾಕಬೇಕು. ಯಾಕೆ ಗೊತ್ತಾ? ಗಣಿತದ ಅಚ್ಚು ದುಬಾರಿ ಅನ್ನುವ ತಮಾಷೆ. ಇವತ್ತು ಹೆಚ್ಚಿನ ಜರ್ನಲ್‌ಗಳು ಕೇಳುವ ಲೇಟೆಕ್ ಎಂಬ ತಂತ್ರಾಂಶ ಅದರ ಮೇಲೇ ಕಟ್ಟಿದ್ದು. 1991ರಲ್ಲಿ ಪೇಪರ್‌ಗಳನ್ನು ಎಲ್ಲರಿಗೂ ಓದಲು ಹಾಕಿಡುವ ಆರ್ಕೈವ್ ಎಂಬ ಆನ್‌ಲೈನ್ ಭಂಡಾರ ಶುರುವಾದ ಮೇಲೆ ಹಂಚುವುದೂ ಸುಲಭವಾಯಿತು. ರಷ್ಯಾದ ಗಣಿತಜ್ಞ ಪೆರೆಲ್ಮಾನ್ 2002–03ರಲ್ಲಿ ಮೂರು ಪೇಪರ್ ಅಲ್ಲಿ ಹಾಕಿ ಸುಮ್ಮನಾದರು. ಯಾವ ಜರ್ನಲ್‌ಗೂ ಕಳಿಸಲಿಲ್ಲ.

ಇಷ್ಟಾದ ಮೇಲೂ ತಡ ಯಾಕೆ? ಸಾಧನೆಯನ್ನು ಸಾಲು ಸಾಲಾಗಿ ಓದುವ ಕೆಲಸಕ್ಕೆ ಅಡ್ಡದಾರಿ ಸಿಕ್ಕಿಲ್ಲ, ಅದಕ್ಕೇ. ಮೂರು ಶತಮಾನ ಯಾರಿಗೂ ಬಗೆಹರಿಯದ ಫರ್ಮಾನ ಕೊನೆಯ ಪ್ರಮೇಯವನ್ನು ಸಾಧಿಸಿದೆ ಎಂದು ಗಣಿತಜ್ಞ ಆಂಡ್ರೂ ವೈಲ್ಸ್ 1993ರ ಜೂನ್‌ನಲ್ಲಿ ಹೇಳಿದಾಗ ಪತ್ರಿಕೆಗಳೆಲ್ಲ ಸುದ್ದಿ ಮಾಡಿದವು. ಹಸ್ತಪ್ರತಿಯನ್ನು ಆರು ರೆಫರಿಗಳು ಹಂಚಿಕೊಂಡರು. ಅವರಲ್ಲೊಬ್ಬರಾದ ನಿಕ್ ಕ್ಯಾಟ್ಜ್ ಅರ್ಥವಾಗದ ಸಾಲು ಸಿಕ್ಕಾಗಲೆಲ್ಲ ವೈಲ್ಸ್‌ಗೆ ಈಮೇಲ್ ಮಾಡುತ್ತಿದ್ದರು. ಉತ್ತರ ಬರುತ್ತಿತ್ತು. ಒಂದು ಪ್ರಶ್ನೆಗೆ ಮಾತ್ರ ಸರಿಯಾದ ಉತ್ತರ ಬರಲಿಲ್ಲ. ಸಾಧನೆಯಲ್ಲಿದ್ದ ಆ ಬಿರುಕನ್ನು ಗಣಿತಜ್ಞ ರಿಚರ್ಡ್ ಟೇಲರ್ ಜೊತೆ ಸೇರಿ ಮುಚ್ಚಲು 1994ರ ಸೆಪ್ಟೆಂಬರ್ ಆಯಿತು. ಪೇಪರ್ ಪ್ರಕಟವಾಗಿದ್ದು 1995ರಲ್ಲಿ. ಆತುರಪಟ್ಟಿದ್ದರೆ ತಪ್ಪೇ ಅಚ್ಚಾಗುತ್ತಿತ್ತು ಅಲ್ವಾ?

ಗಣಿತಜ್ಞ ಥಾಮಸ್ ಹೇಲ್ಸ್ ಅವರ 1998ರ ಸಾಧನೆಗೆ 12 ರೆಫರಿಗಳಿದ್ದರು. ಗೋಳಗಳನ್ನು ಅತಿ ಒತ್ತಾಗಿ ಜೋಡಿಸುವ ಬಗ್ಗೆ ಖಗೋಳಜ್ಞ ಕೆಪ್ಲರ್ ಊಹಿಸಿದ್ದ ಮಾತಿನ ಸಾಧನೆ ಅದು. ಅರ್ಧ ಕೆಲಸ ಕಂಪ್ಯೂಟರಿನದು. ವರ್ಷಗಟ್ಟಲೆ ಹೆಣಗಿ, ಶೇ. 99ರಷ್ಟು ಖಾತರಿ ಎಂದು ರೆಫರಿಗಳು ಕೈಚೆಲ್ಲಿದರು. ಪೇಪರ್ 2005ರಲ್ಲಿ ಪ್ರಕಟವಾಯಿತು. ಉಳಿದ ಆ ಒಂದಂಶ ಹೇಲ್ಸ್‌ರನ್ನು ಬಿಡಲಿಲ್ಲ. ಪ್ರತಿ ಹೆಜ್ಜೆಯನ್ನೂ ಕಂಪ್ಯೂಟರಿನಿಂದಲೇ ಪರೀಕ್ಷೆ ಮಾಡಿಸಿದರು. ಅದು ಮುಗಿದದ್ದು 2014ರಲ್ಲಿ.