ತುಂಡಿನ ಅಂಚಿನಲ್ಲಿ ತಪ್ಪಿಸಿಕೊಳ್ಳುವ ಬೈಟುಗಳು

‘ಕನಕ’ ಎಂಬ ಮೂರಕ್ಷರ, ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂಬತ್ತು ಬೈಟ್: 224 178 149, 224 178 168, 224 178 149. ಇಡೀ ಫೈಲ್ ಮೆಮೊರಿಯಲ್ಲಿದ್ದರೆ ಇದನ್ನು ಹುಡುಕಲು ಒಂದು ಸಾಲಿನ ಕೋಡ್ ಸಾಕು. ಅದೇ ಪಠ್ಯ ನೆಟ್‌ವರ್ಕ್ ಮೂಲಕ ಬರುವಾಗ ಕಥೆ ಬೇರೆ. ಅಲ್ಲಿ ಡೇಟಾ ಬರುವುದು ಪ್ಯಾಕೆಟ್ ಎಂಬ ತುಂಡುಗಳಾಗಿ; ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ ಸಾಮಾನ್ಯವಾಗಿ 1,500 ಬೈಟ್ ಮೀರುವುದಿಲ್ಲ. ಪದ ಎಲ್ಲಿ ಮುಗಿಯಿತು, ಅಕ್ಷರ ಎಲ್ಲಿ ಮುಗಿಯಿತು ಎಂಬುದೆಲ್ಲ ಅದಕ್ಕೆ ಬೇಕಿಲ್ಲ. ಎಂಟು ಬೈಟ್ ಒಂದು ತುಂಡಿನ ಕೊನೆಗೆ ಬಂದು, ಉಳಿದ 149 ಮುಂದಿನ ತುಂಡಿನ ತಲೆಯಲ್ಲಿ ಕೂತರೆ, ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ನೋಡುವ ಪ್ರೋಗ್ರಾಮ್ ‘ಸಿಗಲಿಲ್ಲ’ ಎನ್ನುತ್ತದೆ. ಎರರ್ ಇಲ್ಲ, ಲಾಗ್‌ನಲ್ಲಿ ಸುಳಿವಿಲ್ಲ. ಟೆಸ್ಟ್‌ಗೆ ಕೊಟ್ಟ ಚಿಕ್ಕ ಫೈಲ್ ಒಂದೇ ತುಂಡಿನಲ್ಲಿ ಬಂದಿರುವುದರಿಂದ ಅಲ್ಲಿಯೂ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಇದಕ್ಕೆ ಉತ್ತರ 1969ರಲ್ಲೇ ಸಿಕ್ಕಿತ್ತು. ಜೇಮ್ಸ್ ಮಾರಿಸ್ ಆಗ ಸಿಡಿಸಿ 6400 ಕಂಪ್ಯೂಟರಿಗೆ ಟೆಕ್ಸ್ಟ್ ಎಡಿಟರ್ ಬರೆಯುತ್ತಿದ್ದರು. ಹುಡುಕುವಾಗ ಒಮ್ಮೆ ಓದಿದ ಅಕ್ಷರಕ್ಕೆ ಮತ್ತೆ ಹಿಂದಿರುಗಬಾರದು ಎಂಬುದು ಅವರ ಹಟ. ಅವರು ಬರೆದ ಕೋಡ್ ಜೊತೆಯವರಿಗೆ ಅರ್ಥವೇ ಆಗಲಿಲ್ಲ. ಕೆಲವು ತಿಂಗಳ ನಂತರ ನೋಡಿದರೆ ಬೇರೆಯವರು ‘ಸರಿಪಡಿಸಲು’ ಹೋಗಿ ಅದನ್ನು ಕೆಡಿಸಿಟ್ಟಿದ್ದರು. ಅದೇ ಹೊತ್ತಿಗೆ ಡೊನಾಲ್ಡ್ ಕ್ನೂತ್, ಸ್ಟೀಫನ್ ಕುಕ್ ಅವರ ಒಂದು ಪ್ರಮೇಯದ ಬೆನ್ನು ಹತ್ತಿ ಇದೇ ಜಾಗಕ್ಕೆ ಬಂದು ತಲುಪಿದ್ದರು. ವಾನ್ ಪ್ರಾಟ್ ಸೇರಿ ಮೂವರ ಹೆಸರಿನಲ್ಲಿ ಪ್ರಬಂಧ ಅಚ್ಚಾದದ್ದು 1977ರಲ್ಲಿ.

ಅವರ ವಿಧಾನದಲ್ಲಿ ಒಂದು ತುಂಡು ಮುಗಿದಾಗ ನೆನಪಿಡಬೇಕಾದದ್ದು ಒಂದೇ ಒಂದು ಸಂಖ್ಯೆ. ಮೇಲಿನ ಉದಾಹರಣೆಯಲ್ಲಿ ಅದು 8, ಅಂದರೆ ಒಂಬತ್ತರಲ್ಲಿ ಎಂಟು ಬೈಟ್ ತಾಳೆಯಾಗಿವೆ. ಮುಂದಿನ ಬೈಟ್ 149 ಆದರೆ ಪದ ಸಿಕ್ಕಿತು. 168 ಬಂದರೆ ಎಣಿಕೆ 8ರಿಂದ 2ಕ್ಕೆ ಇಳಿಯುತ್ತದೆ, ಯಾಕೆಂದರೆ ಆ ಎಂಟರ ಕೊನೆಯ ಎರಡು ಬೈಟೂ ಪದದ ಮೊದಲ ಎರಡು ಬೈಟೂ ಒಂದೇ: 224 178. ಅಲ್ಲಿಯೂ 168 ಹೊಂದದೆ ಸೊನ್ನೆಗೆ ಬರುತ್ತದೆ. ಹಳೆಯ ತುಂಡನ್ನು ಅಷ್ಟೊತ್ತಿಗೆ ಎಸೆದಿದ್ದರೂ ನಷ್ಟವಿಲ್ಲ. ಬೆಲ್ ಲ್ಯಾಬ್ಸ್‌ನ ಆಲ್ಫ್ರೆಡ್ ಅಹೊ ಮತ್ತು ಮಾರ್ಗರೆಟ್ ಕೊರಾಸಿಕ್ 1975ರಲ್ಲೇ ಇದೇ ಬಗೆಯ ಉಪಾಯವನ್ನು ಏಕಕಾಲಕ್ಕೆ ನೂರಾರು ಪದ ಹುಡುಕುವುದಕ್ಕೆ ವಿಸ್ತರಿಸಿ ಪ್ರಕಟಿಸಿದರು. ಗ್ರಂಥಸೂಚಿಯಲ್ಲಿ ಹುಡುಕುವ ಅವರ ಪ್ರೋಗ್ರಾಮ್ 5ರಿಂದ 10 ಪಟ್ಟು ಚುರುಕಾಯಿತು.

ದಾರಿ ತಿರುಗಿದ್ದು ಬಾಯರ್–ಮೂರ್ ವಿಧಾನದಿಂದ. ಅದೂ 1977ರದ್ದೇ. ಅದು ಪದವನ್ನು ಕೊನೆಯಿಂದ ಹೋಲಿಸುತ್ತದೆ. ಹೊಂದದಿದ್ದರೆ ಎಷ್ಟೋ ಬೈಟುಗಳನ್ನು ನೋಡದೆಯೇ ಜಿಗಿಯುತ್ತದೆ. ವೇಗ ನಿಜ, ಆದರೆ ಹಿಂದು ಮುಂದು ಓಡಾಡಲು ಡೇಟಾ ಕೈಯಲ್ಲಿರಬೇಕು. ನನ್ನ ಪ್ರಕಾರ ಮುಂದಿನ ಲೈಬ್ರರಿಗಳು (ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಸಿದ್ಧ ಕೋಡ್) ವೇಗದ ಪೈಪೋಟಿಗೆ ಬಿದ್ದು, ‘ಇಡೀ ಬಫರ್ (ಮೆಮೊರಿಯಲ್ಲಿ ತುಂಬಿಟ್ಟ ಡೇಟಾ) ಕೊಡು, ಹುಡುಕಿಕೊಡುತ್ತೇನೆ’ ಎಂಬ ಒಂದೇ ಬಾಗಿಲನ್ನು ತೆರೆದಿಟ್ಟವು. (ವೇಗದ ಉಪಾಯಗಳೂ ಕನ್ನಡಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಪದದ ಮೊದಲ ಬೈಟನ್ನು ಹುಡುಕುತ್ತಾ ಓಡುವುದು ಹಳೆಯ ತಂತ್ರ. ಕನ್ನಡದ ಪ್ರತಿ ಅಕ್ಷರವೂ, ಗುಣಿತದ ಚಿಹ್ನೆಯೂ 224ರಿಂದಲೇ ಶುರು. ಮೂರು ಬೈಟಿಗೊಮ್ಮೆ ನಿಲ್ಲುವ ಎಕ್ಸ್‌ಪ್ರೆಸ್ ಅದು.)

ಬಫರ್ ಲೈಬ್ರರಿಯನ್ನೇ ಸ್ಟ್ರೀಮ್‌ಗೆ, ಅಂದರೆ ತುಂಡು ತುಂಡಾಗಿ ಹರಿದು ಬರುವ ಡೇಟಾಕ್ಕೆ, ಬಳಸುವವರು ಪದದ ಉದ್ದಕ್ಕಿಂತ ಒಂದು ಕಡಿಮೆ ಬೈಟನ್ನು, ಇಲ್ಲಿ ಎಂಟನ್ನು, ಉಳಿಸಿಕೊಂಡು ಮುಂದಿನ ತುಂಡಿಗೆ ಜೋಡಿಸುತ್ತಾರೆ. ತುಂಡುಗಳು ಎರಡೆರಡೇ ಬೈಟ್‌ನಂತೆ ಬಂದರೂ ಎಂಟು ತುಂಬುವವರೆಗೆ ಕೂಡಿಸುತ್ತಾ ಹೋಗಬೇಕು. ಹಿಂದಿನ ಒಂದೇ ತುಂಡಿನ ಬಾಲ ಹಿಡಿದರೆ ಸಾಲದು. ನಿರ್ದಿಷ್ಟ ಪದದ ಬದಲು ಮಾದರಿಯನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಆದರೆ ಈ ಜೋಡಣೆಯೂ ಕೈಕೊಡುತ್ತದೆ. ‘ಕ, ನಡುವೆ ಎಷ್ಟಾದರೂ ಇರಲಿ, ಕೊನೆಗೆ ಕ’ ಎಂಬ ಮಾದರಿಗೆ ಉದ್ದದ ಮಿತಿ ಎಲ್ಲಿದೆ?

ಇದು ಬರೀ ಕೋಡಿಂಗ್‌ನ ಕಿರಿಕಿರಿಯಲ್ಲ ಎಂದು 1998ರಲ್ಲಿ ಥಾಮಸ್ ಪ್ಟಾಸೆಕ್ ಮತ್ತು ತಿಮೋತಿ ನ್ಯೂಶಮ್ ತೋರಿಸಿಕೊಟ್ಟರು. ದಾಳಿಯ ಬೈಟುಗಳನ್ನು ಬೇಕೆಂದೇ ಸಣ್ಣ ಪ್ಯಾಕೆಟ್‌ಗಳಾಗಿ ಒಡೆದು ಕಳಿಸಿದರೆ, ಅವುಗಳನ್ನು ಸರಿಯಾಗಿ ಜೋಡಿಸಿ ನೋಡದ ಕಾವಲು ವ್ಯವಸ್ಥೆಗಳ ಕಣ್ಣಿಗೆ ಏನೂ ಬೀಳುವುದಿಲ್ಲ. ಲಕ್ಷಾಂತರ ಸಂಪರ್ಕಗಳನ್ನು ಒಟ್ಟಿಗೆ ಕಾಯುವ ಯಂತ್ರ, ಪ್ರತಿಯೊಂದರ ಹಳೆಯ ಡೇಟಾವನ್ನು ಗುಡ್ಡೆ ಹಾಕಿಕೊಂಡು ಕೂರುವುದೂ ಅಸಾಧ್ಯ.

ಆಸ್ಟ್ರೇಲಿಯಾದ ಸೆನ್ಸರಿ ನೆಟ್‌ವರ್ಕ್ಸ್ ಕಂಪನಿ ಕಟ್ಟಿದ ಹೈಪರ್‌ಸ್ಕ್ಯಾನ್ ಎಂಬ ಹುಡುಕಾಟದ ಲೈಬ್ರರಿ ಈ ಮಾರುಕಟ್ಟೆಗೆಂದೇ ಬಂದದ್ದು. ಇಂಟೆಲ್ 2013ರಲ್ಲಿ ಆ ಕಂಪನಿಯನ್ನು ಕೊಂಡು, 2015ರಲ್ಲಿ ಲೈಬ್ರರಿಯ ಕೋಡ್ ಅನ್ನು ಮುಕ್ತಗೊಳಿಸಿತು. ಇದರಲ್ಲಿ ಸ್ಟ್ರೀಮ್ ತೆರೆಯುವುದು, ತುಂಡು ಕೊಡುವುದು, ಮುಚ್ಚುವುದು ಎಂದು ಬೇರೆ ಬೇರೆ ಕರೆಗಳಿವೆ. ಒಂದು ಸ್ಟ್ರೀಮ್‌ಗೆ ಎಷ್ಟು ಮೆಮೊರಿ ಬೇಕು ಎಂಬುದು ಮಾದರಿಗಳನ್ನು ಕಂಪೈಲ್ ಮಾಡುವಾಗಲೇ (ಹುಡುಕಾಟಕ್ಕೆ ಮೊದಲು ಸಿದ್ಧಪಡಿಸುವಾಗಲೇ) ತೀರ್ಮಾನವಾಗುತ್ತದೆ. ಈ ಅನುಕೂಲಕ್ಕೆ ತೆರುವ ಬೆಲೆ ಎಂದರೆ, ಮಾದರಿ ಎಲ್ಲಿ ಮುಗಿಯಿತು ಎಂದಷ್ಟೇ ಅದು ಹೇಳುತ್ತದೆ. ಎಲ್ಲಿ ಶುರುವಾಯಿತು ಎಂದೂ ತಿಳಿಯಬೇಕಿದ್ದರೆ ಕಂಪೈಲ್ ಮಾಡುವಾಗಲೇ ಕೇಳಿಕೊಳ್ಳಬೇಕು, ಅದಕ್ಕೆ ಪ್ರತಿ ಸ್ಟ್ರೀಮ್‌ಗೂ ಹೆಚ್ಚಿನ ಮೆಮೊರಿ ತೆರಬೇಕು.

ದಿನನಿತ್ಯದ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪರಿಸ್ಥಿತಿ ಇನ್ನೂ ಏರುಪೇರು. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ ಲೈಬ್ರರಿ ‘ಆರ್‌ಇ’ ಇಡೀ ಬಫರ್ ಕೇಳುತ್ತದೆ. ಗೋ ಭಾಷೆಯ ಲೈಬ್ರರಿ ಸ್ಟ್ರೀಮ್‌ನಿಂದ ಓದುತ್ತದೆ, ಆದರೆ ಬೇಕಾದಷ್ಟು ಮುಂದಕ್ಕೆ ಓದಿಬಿಡಬಹುದು ಎಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ರಸ್ಟ್‌ನ ಅಹೊ–ಕೊರಾಸಿಕ್ ಲೈಬ್ರರಿಯಲ್ಲಿ ಸ್ಟ್ರೀಮ್ ಹುಡುಕಾಟ ಇದೆ. ಒಂದು ಷರತ್ತು, ಎರಡು ಪದಗಳಲ್ಲಿ ಉದ್ದನೆಯದನ್ನೇ ಆರಿಸು ಎಂದು ಅಲ್ಲಿ ಹೇಳುವಂತಿಲ್ಲ, ಮೊದಲು ಮುಗಿದದ್ದೇ ಗೆಲ್ಲುತ್ತದೆ. ಪಟ್ಟಿಯಲ್ಲಿ ‘ಕನಕ’, ‘ಕನಕದಾಸ’ ಎರಡೂ ಇದ್ದರೆ, ‘ಕನಕದಾಸ’ ಎಂಬುದು ಸ್ಟ್ರೀಮ್‌ನಲ್ಲಿ ಎಷ್ಟು ಸಲ ಬಂದರೂ ವರದಿಯಾಗುವುದು ‘ಕನಕ’ ಮಾತ್ರ.